ಕುಂಬಾರವಾಡಾಕ್ಕೆ ಹೋದ್ರೆ ಮಡಕೆಗಿಂತ ಮೊದಲು ಅಂಗಳ ನೋಡಿ

ನಮ್ಮತ್ತೆಗೆ ಮುಂಬೈ ಗಡಿಗೆ ಮೇಲೆ ಒಂಚೂರೂ ನಂಬಿಕೆ ಇಲ್ಲ. ಅವರು ಖಾನಾಪುರದವರು. ಆ ಕಡೆ ಮಣ್ಣಿಗೆ ಹೆಸರಿದೆ, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಕಲಿಸೋ ಸಂಸ್ಥೆ ಇರೋದೂ ಅಲ್ಲೇ, ಹಾಗಾಗಿ ಮಣ್ಣಿನ ಪಾತ್ರೆ ವಿಷಯ ಬಂತು ಅಂದ್ರೆ ನಮ್ಮನೇಲಿ ಅವರ ಮಾತೇ ಫೈನಲ್. ನಾನು ಹಾಸನದ ಕಡೆಯವಳು, ನಂಗೆ ಮಡಕೆ ಅಂದ್ರೆ ಮಡಕೆ ಅಷ್ಟೇ. ಬೇಸಿಗೆ ಶುರುವಾದ್ರೆ ಸಾಕು, ಮಾರ್ಕೆಟ್ಟಿಂದ ತಂದ ಗಡಿಗೆ ಮುಂದೆ ನಿಂತ್ಕೊಂಡು "ಇದರಾಗ ನೀರ ತಣ್ಣಗ ಆಗೂದಿಲ್ಲ ನೋಡವಾ, ಮಣ್ಣ ಬರೋಬರಿ ಇಲ್ಲ" ಅಂತ ಶುರು ಮಾಡ್ತಾರೆ. ಕೊನೆಗೆ ನಾನೇ ಅಂದೆ, ನಡೀರಿ ಅತ್ತ್ಯಾರ, ಮಾಡೋರ ಹತ್ರನೇ ಹೋಗಿ ಕೇಳ್ಬಿಡೋಣ, ದೂರ ಏನಿಲ್ಲ, ನಮ್ಮ ಮಾಟುಂಗಾ ದಾಟಿ ಸಾಯನ್ ಕಡೆ ಹೋದ್ರೆ ಧಾರಾವಿ, 90 ಫೀಟ್ ರೋಡಿಗೆ ಇಳಿದ್ರೆ ಕುಂಬಾರವಾಡಾ. ಮಾಟುಂಗಾದಲ್ಲಿ ವರ್ಷಗಟ್ಟಲೆ ಇದ್ದು ಮೈಸೂರ್ ಅಸೋಸಿಯೇಷನ್ ಪ್ರೋಗ್ರಾಮಿಗೆ ತಪ್ಪದೆ ಹೋಗೋ ನಮ್ಮ ಎಷ್ಟೋ ಕನ್ನಡದವರು ಆ ರೋಡ್ ಕಡೆ ತಲೆ ಹಾಕಿಲ್ಲ. ಧಾರಾವಿ ಅಂದ ತಕ್ಷಣ ಮೂಗು ಮುರಿಯೋರೇ ಜಾಸ್ತಿ.

ರೋಡ್ ಮೇಲಿರೋ ಅಂಗಡಿ ಸಾಲು ನೋಡಿ ಮೋಸ ಹೋಗ್ಬೇಡಿ. ಅಲ್ಲಿ ಜೋಡಿಸಿಟ್ಟಿರೋದೆಲ್ಲ ಇಲ್ಲಿ ಮಾಡಿದ್ದಲ್ಲ. ನೀಲಿ ಹೂವಿನ ಪಿಂಗಾಣಿ ಕಪ್ಪು, ಉಪ್ಪಿನಕಾಯಿ ಜಾಡಿ, ಅವೆಲ್ಲ ಉತ್ತರ ಪ್ರದೇಶದ ಖುರ್ಜಾ ಅಂಥ ಊರುಗಳಿಂದ ಬರೋ ಮಾಲು. ಅಸಲಿ ಊರಿರೋದು ಆ ಅಂಗಡಿಗಳ ಹಿಂದೆ. ಇಬ್ಬರು ಎದುರುಬದುರು ಬಂದ್ರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಂಥ ಸಂದಿಲಿ ಒಳಗೆ ಹೋದ್ರೆ ಒಮ್ಮೆಲೇ ಜಾಗ ತೆರ್ಕೊಳ್ಳುತ್ತೆ, ನಡುವೆ ಬಯಲು, ಆ ಬಯಲಲ್ಲಿ ಇಟ್ಟಿಗೆಯ ಮೋಟು ಗೋಡೆ ಕಟ್ಟಿದ, ಮಡಕೆ ಸುಡೋ ಚೌಕ ಚೌಕ ಭಟ್ಟಿಗಳು, ಸುತ್ತ ಮನೆಗಳು, ಪ್ರತಿ ಮನೆ ಬಾಗಿಲಲ್ಲೂ ಹಲಗೆ ಮೇಲೆ ಒಣಗ್ತಿರೋ ಹಣತೆ, ಗಡಿಗೆ, ಕುಂಡ. ಕೋಳಿ ಓಡಾಡ್ತಿರುತ್ತೆ, ಯಾರೋ ಅಜ್ಜಿ ಮಂಚದ ಮೇಲೆ ಕೂತು ಬಟಾಣಿ ಬಿಡಿಸ್ತಿರ್ತಾರೆ, ಮಾತೆಲ್ಲ ಗುಜರಾತಿ. ಮುಂಬೈ ಮಧ್ಯದಲ್ಲಿ ಇದ್ದೀವಿ ಅನ್ನೋದು ನೆನಪಾಗೋದು ತಲೆ ಎತ್ತಿ ಆಚೆ ಟವರ್‌ಗಳನ್ನ ನೋಡಿದಾಗ ಮಾತ್ರ.

ಇವರು ಇಲ್ಲಿಗೆ ಬಂದ ಕಥೆ ಕೇಳಿದ್ರೆ ಮುಂಬೈ ಕಥೆನೇ ಅರ್ಧ ಕೇಳಿದ ಹಾಗೆ. ಬಹುಪಾಲು ಮನೆಯವರು ಸೌರಾಷ್ಟ್ರದ ಕಡೆಯ ಪ್ರಜಾಪತಿಗಳು, ಅಂದ್ರೆ ಕುಂಬಾರರು, 19ನೇ ಶತಮಾನದ ಕೊನೆಯಲ್ಲಿ ಬರ, ಕೆಲಸ ಇಲ್ಲ ಅಂತ ಊರು ಬಿಟ್ಟು ಬಂದೋರ ಮೊಮ್ಮಕ್ಕಳು ಮರಿಮಕ್ಕಳು. ಮೊದಲು ಇದ್ದಿದ್ದು ದಕ್ಷಿಣ ಮುಂಬೈನಲ್ಲಿ, ಗ್ರಾಂಟ್ ರೋಡ್ ಕಡೆ ಇವತ್ತಿಗೂ ಕುಂಬಾರವಾಡಾ ಅನ್ನೋ ಹೆಸರಿನ ಏರಿಯಾ ಇದೆ, ಅಲ್ಲಿ ಈಗ ತಿಗರಿ ತಿರುಗಲ್ಲ, ಹೆಸರು ಮಾತ್ರ ಉಳ್ಕೊಂಡಿದೆ. ಊರು ಬೆಳೀತಾ ಹೋದ ಹಾಗೆ ಹೊಗೆ ಬಿಡೋರನ್ನ, ಚರ್ಮ ಹದ ಮಾಡೋರನ್ನ, ವಾಸನೆ ಬರೋ ಕೆಲಸದೋರನ್ನೆಲ್ಲ ಆಚೆ ಆಚೆಗೆ ತಳ್ಕೊಂಡು ಹೋದ್ರು, ಹಾಗೆ ತಳ್ಳಿಸ್ಕೊಂಡು ತಳ್ಳಿಸ್ಕೊಂಡು 1930ರ ದಶಕದ ಹೊತ್ತಿಗೆ ಇವರು ಧಾರಾವಿಗೆ ಬಂದು ಸೇರಿದ್ರು. ಆಗ ಇದು ಊರಾಚೆ. ಮಾಹೀಮ್ ಖಾರಿ ಪಕ್ಕದ ಜವುಗು, ಮೀನು ಹಿಡಿಯೋ ಕೋಳಿ ಜನಾಂಗದವರ ಒಂದು ಹಳೇ ಕೇರಿ ಕೋಳಿವಾಡಾ, ತಮಿಳು ಕಡೆಯಿಂದ ಬಂದೋರ ಚರ್ಮದ ಕಾರ್ಖಾನೆಗಳು, ಅಷ್ಟೇ. ಆಮೇಲೆ ಊರೇ ಬೆಳೆದು ಇವರನ್ನ ಸುತ್ತುವರೀತು. ಮಿಠಿ ನದಿ ಆಚೆ ದಡದಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ (ಬಿಕೆಸಿ) ಅನ್ನೋ ದೊಡ್ಡ ಆಫೀಸ್ ಏರಿಯಾ ಎದ್ದಮೇಲಂತೂ ಯಾರಿಗೂ ಬೇಡ ಅಂತ ಕೊಟ್ಟಿದ್ದ ಜಾಗ ಎಲ್ಲರಿಗೂ ಬೇಕಾದ ಜಾಗ ಆಗೋಯ್ತು. ಅದರ ಬಗ್ಗೆ ಆಮೇಲೆ ಹೇಳ್ತೀನಿ, ಮೊದಲು ಕೆಲಸ.

ನಾವು ಹೋಗಿದ್ದು ದೀಪಾವಳಿಗೆ ಇನ್ನೂ ಟೈಮ್ ಇದ್ದಾಗ. ಒಬ್ಬರು ವಯಸ್ಸಾದ ಕಾಕಾ ಹಣತೆ ಮಾಡ್ತಾ ಕೂತಿದ್ರು, ಕರೆಂಟ್ ತಿಗರಿ. ಹಣತೆ ಒಂದೊಂದಕ್ಕೆ ಒಂದೊಂದು ಉಂಡೆ ಮಣ್ಣು ಇಡ್ತಾರೆ ಅಂದ್ಕೊಂಡಿದ್ರೆ ಹಾಗಲ್ಲ, ಮೊಣಕಾಲುದ್ದದ ಒಂದು ಮಣ್ಣಿನ ಗುಡ್ಡೆನೇ ತಿಗರಿ ಮೇಲೆ ಕೂರಿಸಿಬಿಡ್ತಾರೆ. ಅದರ ತುದಿನ ಒದ್ದೆ ಕೈಲಿ ಹಿಡಿದು ನಡುವೆ ಹೆಬ್ಬೆರಳು ಒತ್ತಿದ್ರೆ ಗುಂಡಿ, ಅಂಚನ್ನ ಎರಡು ಬೆರಳಲ್ಲಿ ಎಳೆದ್ರೆ ಬಾಯಿ, ತೋರುಬೆರಳಲ್ಲಿ ಒಂದು ಚಿವುಟು ಕೊಟ್ರೆ ಬತ್ತಿ ಇಡೋ ಮೂತಿ, ಕೆಳಗೆ ದಾರ ಸುತ್ತಿಸಿ ಎಳೆದ್ರೆ ಹಣತೆ ಬೇರೆ ಗುಡ್ಡೆ ಬೇರೆ, ಎಡಗೈಲಿ ಎತ್ತಿ ಹಲಗೆ ಮೇಲಿಡೋ ಹೊತ್ತಿಗೆ ಬಲಗೈ ಮುಂದಿನದಕ್ಕೆ ಹೋಗಿರುತ್ತೆ. ಕಣ್ಣು ತಿಗರಿ ಮೇಲೇ ಇರಲ್ಲ, ನಮ್ಮ ಜೊತೆ ಮಾತಾಡ್ತಾನೇ ಮಾಡ್ತಿದ್ರು, ಮಧ್ಯೆ ಮೊಮ್ಮಗಳಿಗೆ ಬೈದಿದ್ದೂ ಆಯ್ತು. ಒಂದರಂತೆ ಇನ್ನೊಂದು ಬಂದಿದೆಯಾ ಅಂತ ನಾನು ಬಗ್ಗಿ ಬಗ್ಗಿ ನೋಡಿದೆ, ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಅಚ್ಚಿಗೆ ಒತ್ತಿ ಮಾಡೋ ಮಿಷನ್ ಹಣತೆಗೂ ಇದಕ್ಕೂ ವ್ಯತ್ಯಾಸ ಗೊತ್ತಾಗೋದು ಅಲ್ಲೇ. ಇನ್ನೊಂದು ಗುರುತು ತಳದಲ್ಲಿರುತ್ತೆ, ದಾರ ಎಳೆದ ಗೆರೆಗಳು ಚಿಪ್ಪಿನ ಮೇಲಿನ ಗೆರೆ ಥರ ಬಾಗಿರುತ್ತೆ, ಅಚ್ಚಿನ ಹಣತೆಗೆ ಅದು ಇರಲ್ಲ.

ತಿಗರಿ ಮೇಲೆ ಕೂತಿದ್ದೋರೆಲ್ಲ ಗಂಡಸರೇ. ಮಣ್ಣು ನೆನೆಸೋದು, ತುಳಿಯೋದು, ಕಲ್ಲು ಆರಿಸೋದು, ಒಣಗಿಸೋದು, ಬಣ್ಣ ಹಚ್ಚೋದು, ಅಂಗಡಿಲಿ ಕೂತು ಗಿರಾಕಿ ಜೊತೆ ಗುದ್ದಾಡೋದು, ಇದೆಲ್ಲ ಹೆಂಗಸರ ಪಾಲು. ಲೆಕ್ಕ ಹಾಕಿದ್ರೆ ಕೆಲಸ ಅವರದ್ದೇ ಜಾಸ್ತಿ, ಆದ್ರೆ ಫೋಟೋ ತೆಗೆಯೋರೆಲ್ಲ ತೆಗೆಯೋದು ತಿಗರಿ ಮುಂದಿನ ಕೈಗಳನ್ನ ಮಾತ್ರ. ನಾನು ತೆಗೆದಿದ್ದೂ ಅದನ್ನೇ ಬಿಡಿ.

ಮಣ್ಣು ಈಗ ಲಾರಿಲಿ ಬರುತ್ತೆ, ಹೆಚ್ಚಾಗಿ ಗುಜರಾತಿಂದ. ಮುಂಬೈ ಸುತ್ತ ಮಣ್ಣು ಅಗೆಯೋಕೆ ಜಾಗ ಎಲ್ಲಿದೆ, ಎಲ್ಲಾ ಬಿಲ್ಡಿಂಗ್. ಅತ್ತೆ ಒಂದು ಹಿಡಿ ಹಸಿ ಮಣ್ಣು ತಗೊಂಡು ಬೆರಳಲ್ಲಿ ಹೊಸಕಿ ಬತ್ತಿ ಥರ ಉದ್ದ ಮಾಡಿ ಬಗ್ಗಿಸಿ ನೋಡಿದ್ರು, ಬಿರುಕು ಬಿಡಲಿಲ್ಲ, ಮುಖ ನೋಡಿದ್ರೆ ಸ್ವಲ್ಪ ನಿರಾಸೆ ಆದಂಗಿತ್ತು. "ಮಣ್ಣೇನೋ ಚಲೋ ಐತಿ" ಅಂದ್ರು ನನ್ನ ಕಡೆ ತಿರುಗಿ, ಆಮೇಲೆ ಕಾಕಾನ ಕಡೆ ತಿರುಗಿ ಮರಾಠಿಲಿ, ಮತ್ತೆ ನೀರು ಯಾಕೆ ತಣ್ಣಗಾಗಲ್ಲ ದಾದಾ ಅಂತ ಕೇಳೇ ಬಿಟ್ರು. ಕಾಕಾ ನಕ್ಕು ಅರ್ಧ ಹಿಂದಿ ಅರ್ಧ ಗುಜರಾತಿಲಿ ಹೇಳಿದ್ದು ಇಷ್ಟು: ಮಾಸಿ, ಇದೇ ಮಟಕಾ ನಿಮ್ಮೂರಿಗೆ ತಗೊಂಡ್ಹೋಗಿ ಇಡಿ, ಫ್ರಿಜ್ ನೀರು ಕುಡಿದಂಗಿರುತ್ತೆ, ತಪ್ಪು ಮಟಕಾದಲ್ಲ, ಬಂಬೈ ಗಾಳಿದು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮಡಕೆ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಒಳಗಿನ ನೀರು ಜಿನುಗಿ ಹೊರಮೈಗೆ ಬಂದು ಆವಿ ಆಗ್ಬೇಕು, ಒಂದು ಗ್ರಾಂ ನೀರು ಹಾಗೆ ಆವಿ ಆಗ್ಬೇಕಾದ್ರೆ ಸುಮಾರು 580 ಕ್ಯಾಲರಿ ಶಾಖ ಬೇಕು, ಅದನ್ನ ಒಳಗಿರೋ ನೀರಿಂದಲೇ ಎಳ್ಕೊಳ್ಳುತ್ತೆ, ಅದಕ್ಕೇ ತಂಪು. ಆದ್ರೆ ಆವಿ ಆಗೋಕೆ ಗಾಳಿ ಒಣಗಿರಬೇಕಲ್ಲ. ಕಲಬುರಗಿಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ರೂ ಗಾಳಿ ಖಣಖಣ ಒಣಗಿರುತ್ತೆ, ಮಡಕೆ ನೀರು ಹೊರಗಿನ ಬಿಸಿಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಇಳಿಯೋಕೆ ಅವಕಾಶ ಇದೆ. ಮುಂಬೈನಲ್ಲಿ 33 ಡಿಗ್ರಿನೇ ಇದ್ರೂ ಸಮುದ್ರದ ತೇವ ಗಾಳಿ ತುಂಬ್ಕೊಂಡಿರುತ್ತೆ, ನಮ್ಮ ಮೈಮೇಲಿನ ಬೆವರೇ ಆರಲ್ಲ, ಇನ್ನು ಮಡಕೆ ಬೆವರು ಎಲ್ಲಿಂದ ಆರ್ಬೇಕು. ಅದಕ್ಕೆ ಇಲ್ಲಿ ಮಡಕೆನ ಅಡುಗೆಮನೆ ಮೂಲೇಲಿ ಇಡಬಾರದು, ಗಾಳಿ ಆಡೋ ಕಿಟಕಿ ಹತ್ರ, ಕೆಳಗೆ ಮಣ್ಣಿನ ತಟ್ಟೆಯೋ ಸ್ಟ್ಯಾಂಡೋ ಇಟ್ಟು, ಸುತ್ತ ನಾಲ್ಕೂ ಕಡೆ ಗಾಳಿ ಸಿಗೋ ಥರ ಇಡಬೇಕು. ಅತ್ತೆಗೆ ಈ ವಿವರಣೆ ಪೂರ್ತಿ ಒಪ್ಪಿಗೆ ಆಯ್ತೋ ಇಲ್ವೋ ಗೊತ್ತಿಲ್ಲ, "ಅಂದ್ರ ನಮ್ಮೂರ ಗಾಳೀನ ಚಲೋ ಅಂದಂಗಾತು" ಅಂತ ಅದನ್ನೂ ಖಾನಾಪುರದ ಖಾತೆಗೇ ಜಮಾ ಮಾಡ್ಕೊಂಡ್ರು.

ಭಟ್ಟಿ ತುಂಬೋದು ನೋಡೋಕೆ ಸಿಕ್ಕಿದ್ದು ಇನ್ನೊಂದು ದಿನ. ತಳಕ್ಕೆ ಉರುವಲು, ಅದರ ಮೇಲೆ ಮಡಕೆ ಬಾಯಿ ಕೆಳಗೆ ಮಾಡಿ ಸಾಲು ಸಾಲು, ಸಂದಿ ಸಂದಿಗೆ ಸಣ್ಣ ಸಾಮಾನು, ಮೇಲೆ ಒಡೆದ ಮಡಕೆ ಬೋಕಿಗಳ ಮುಚ್ಚಿಗೆ. ಉರುವಲು ಅಂದ್ರೆ ಸೌದೆ ಅಲ್ಲ, ಸೌದೆ ಈ ಊರಲ್ಲಿ ಯಾರಿಗೆ ಕೈಗೆಟುಕುತ್ತೆ. ಹತ್ತಿ ಮಿಲ್ಲಿನ ತ್ಯಾಜ್ಯ, ಗಾರ್ಮೆಂಟ್ ಕಟಿಂಗಿನ ಚಿಂದಿ, ಮರದ ಪುಡಿ, ಅದೇ. ಬೆಂಕಿ ಮೊದಲು ಮೆಲ್ಲಗೆ ಏರಬೇಕು, ಮಡಕೆ ಒಣಗಿದ ಹಾಗೆ ಕಂಡ್ರೂ ಒಳಗೆ ತೇವ ಇರುತ್ತೆ, ಗಡಿಬಿಡಿ ಮಾಡಿದ್ರೆ ಆ ತೇವ ಹಬೆ ಆಗಿ ಹೊರಬರೋಕೆ ದಾರಿ ಸಿಗದೆ ಮಡಕೆನ ಪಟ್ ಅಂತ ಒಡೆದುಬಿಡುತ್ತೆ. ಶಾಖ 500, 600 ಡಿಗ್ರಿ ದಾಟಿದಾಗ ಮಣ್ಣಿನ ಕಣದ ಒಳಗೇ ಸೇರ್ಕೊಂಡಿರೋ ನೀರೂ ಬಿಟ್ಟು ಹೋಗುತ್ತೆ, ಅಲ್ಲಿಂದ ಮುಂದೆ ಅದು ಎಷ್ಟು ನೆನೆಸಿದ್ರೂ ವಾಪಸ್ ಕೆಸರಾಗಲ್ಲ. ಅದಕ್ಕಿಂತ ಕೆಳಗೇ ಬೆಂಕಿ ಆರಿದ್ರೆ ನೋಡೋಕೆ ಮಡಕೆ, ಮಳೆಗೆ ಸಿಕ್ಕಿದ್ರೆ ಮಣ್ಣು. ಕೆಂಪು ಬರೋದು ಮಣ್ಣಲ್ಲಿರೋ ಕಬ್ಬಿಣದಿಂದ, ಗಾಳಿ ಚೆನ್ನಾಗಿ ಆಡಿದ್ರೆ ಕೆಂಪು, ಗಾಳಿ ಕಟ್ಟಿ ಹೊಗೆಲೇ ಉಸಿರುಗಟ್ಟಿಸಿದ್ರೆ ಕಪ್ಪು. ಸಂಕ್ರಾಂತಿಗೆ ಮರಾಠಿ ಮನೆಗಳಲ್ಲಿ ಕಡಲೆ, ಕಬ್ಬು, ಬೋರೆಹಣ್ಣು ತುಂಬಿ ಪೂಜೆ ಮಾಡ್ತಾರಲ್ಲ ಸುಗಡ ಅಂತ ಪುಟ್ಟ ಕಪ್ಪು ಕುಡಿಕೆ, ಅದರ ಬಣ್ಣ ಹೀಗೇ ಬರೋದು. ಥರ್ಮಾಮೀಟರ್ ಗಿರ್ಮಾಮೀಟರ್ ಏನೂ ಇಲ್ಲ. ಹೊಗೆ ಬಣ್ಣ ನೋಡ್ತಾರೆ, ಬೋಕಿ ಸಂದಿಲಿ ಕಾಣೋ ಕೆಂಪು ನೋಡ್ತಾರೆ, ಅಷ್ಟೇ ಸಾಕು ಅವರಿಗೆ.

ಹೊಗೆ ವಿಷಯ ಹೇಳದೆ ಹೋದ್ರೆ ಈ ಬರಹ ಟೂರಿಸಂ ಜಾಹೀರಾತಾಗಿಬಿಡುತ್ತೆ. ಈಗಿನ ಚಿಂದಿಲಿ ಹತ್ತಿ ಎಷ್ಟೋ ಪಾಲಿಸ್ಟರ್ ಎಷ್ಟೋ, ಭಟ್ಟಿ ಹಚ್ಚಿದ ಮೇಲೆ ಎದ್ದ ಹೊಗೆ ಕಪ್ಪಗೆ, ದಪ್ಪಗೆ, ಗಂಟಲಿಗೆ ಅಂಟ್ಕೊಳ್ಳೋ ಥರದ್ದು. ಭಟ್ಟಿಯಿಂದ ನಾಲ್ಕು ಹೆಜ್ಜೆಗೆ ಮನೆ ಬಾಗಿಲು, ಒಳಗೆ ತೊಟ್ಟಿಲು. ಅಲ್ಲೇ ಚಿಂದಿ ಮೂಟೆ ಬಿಚ್ಚಿ ವಿಂಗಡಿಸ್ತಿದ್ದ ಒಬ್ಬ ಹೆಂಗಸು ನಮ್ಮ ಕನ್ನಡ ಕೇಳಿ ತಲೆ ಎತ್ತಿದ್ರು, "ಎಲ್ಲಿಯೋರ್ರಿ ಅಕ್ಕಾರ ನೀವು?" ಅಂತ. ಧಾರಾವಿಲಿ ಕಲಬುರಗಿ, ವಿಜಯಪುರ ಕಡೆಯ ಜನ ಬೇಕಾದಷ್ಟಿದ್ದಾರೆ, ಈಕೆ ಕಲಬುರಗಿ ಕಡೆಯವರು, ಮದುವೆ ಆಗಿ ಬಂದಾಗಿಂದ ಇಲ್ಲೇ ಗಲ್ಲಿ ಆಚೆ ಮನೆ. ಹೊಗೆಲಿ ಹೇಗೆ ಇರ್ತೀರಿ ಅಂತ ಕೇಳಿದ್ದಕ್ಕೆ "ಏನ್ ಮಾಡಾದ್ರಿ ಅಕ್ಕಾರ, ಹೊಗಿ ಇದ್ರ ಕೂಲಿ, ಹೊಗಿ ಇಲ್ಲಂದ್ರ ಕೂಲಿ ಇಲ್ಲ, ರಾತ್ರಿ ಕೆಮ್ಮ ಬರ್ತದ, ಮುಂಜಾನಿ ಮತ್ತ ಇಲ್ಲೇ ಬರ್ತೀನಿ" ಅಂದು ಸೆರಗಿಂದ ಮೂಗು ಒರೆಸ್ಕೊಂಡ್ರು. ಅತ್ತೆ ಆಮೇಲೆ ಅವರ ಜೊತೆನೇ ಕೂತ್ಬಿಟ್ರು, ಮಕ್ಕಳೆಷ್ಟು, ಏನು ಓದ್ತಾರೆ, ಊರಿಗೆ ಯಾವಾಗ ಹೋಗೋದು, ಎಲ್ಲಾ ಆಯ್ತು. ಮಗಳು ಮುನ್ಸಿಪಾಲ್ಟಿ ಕನ್ನಡ ಶಾಲೆಲಿ ಓದಿ ಈಗ ಕಾಲೇಜು ಮುಗಿಸಿದ್ದಾಳಂತೆ.

ಗ್ಯಾಸ್ ಭಟ್ಟಿ ಹಾಕ್ಕೊಳ್ಳಿ ಅಂತ ಹೇಳೋದು ಸುಲಭ. ಗ್ಯಾಸ್ ದುಡ್ಡು, ಭಟ್ಟಿ ದುಡ್ಡು ಎಲ್ಲಾ ಸೇರಿಸಿದ್ರೆ ಡಜನ್ ಲೆಕ್ಕದಲ್ಲಿ ಮಾರೋ ಹಣತೆಗೆ ಅದು ಗಿಟ್ಟಲ್ಲ, ಚಿಂದಿ ಬಹುತೇಕ ಬಿಟ್ಟಿ ಬಂದ ಹಾಗೆ. ಹಣತೆ ಬೆಲೆ ಒಂದು ರೂಪಾಯಿ ಏರಿಸಿದ್ರೂ ನಾವೇ ಚೌಕಾಸಿಗೆ ಇಳೀತೀವಿ, ಅದೇ ಬಾಯಲ್ಲಿ ಮಾಲಿನ್ಯ ಮಾಲಿನ್ಯ ಅಂತೀವಿ.

ಹೆರಿಟೇಜ್, ಕಲೆ ಉಳಿಸಿ ಅಂತೆಲ್ಲ ಮಾತಾಡೋರಿಗೆ ನಾನು ಹೇಳೋದು ಇಷ್ಟೇ, ಈ ಕಸುಬನ್ನ ಬದುಕಿಸಿರೋದು ಶೋಕೇಸಲ್ಲಿಡೋ ಟೆರಾಕೋಟಾ ಆನೆ ಅಲ್ಲ, ಒಂದು ಸಲ ಬಳಸಿ ಬಿಸಾಕೋ ಸಾಮಾನು. ಈ ಊರಿನ ಕ್ಯಾಲೆಂಡರೇ ಮಣ್ಣಿಂದು. ಸಂಕ್ರಾಂತಿಗೆ ಸುಗಡ, ಬೇಸಿಗೆಗೆ ಮಟಕಾ, ಅಕ್ಷಯ ತೃತೀಯಕ್ಕೆ ದಾನ ಕೊಡೋ ನೀರಿನ ಗಡಿಗೆ, ರಂಜಾನ್ ಬಂದ್ರೆ ಮೊಹಮ್ಮದ್ ಅಲಿ ರೋಡಿನ ಫಿರ್ನಿಗೆ ಚಪ್ಪಟೆ ಬಟ್ಟಲು, ಗೋಕುಲಾಷ್ಟಮಿಗೆ ಗಲ್ಲಿ ಗಲ್ಲಿಲಿ ಒಡೆಯೋ ದಹಿ ಹಂಡಿ, ನವರಾತ್ರಿಗೆ ಘಟಸ್ಥಾಪನೆಯ ಘಟ ಮತ್ತೆ ಗುಜರಾತಿಗಳ ತೂತು ತೂತಿನ ಗರಬಾ ಗಡಿಗೆ, ದೀಪಾವಳಿಗೆ ಹಣತೆ. ಇದರ ಮಧ್ಯೆ ಮದುವೆ ಮನೆ ಕಳಶ, ಸತ್ತಾಗ ಹೆಗಲ ಮೇಲೆ ಹೊತ್ತು ತೂತು ಹಾಕಿ ಒಡೆಯೋ ಗಡಿಗೆ, ಅದಕ್ಕಂತೂ ಸೀಸನ್ನೇ ಇಲ್ಲ. ಇವುಗಳಲ್ಲಿ ಬಹಳಷ್ಟು ಒಡೆಯೋಕೆ, ಬಿಡೋಕೆ, ಎಸೆಯೋಕೆ ಅಂತಲೇ ಇರೋದು, ಸ್ಟೀಲಿನ ಹಂಡಿ ಕಟ್ಟಿದ್ರೆ ಗೋವಿಂದ ಹೇಗೆ ಒಡೀತಾನೆ? ಫ್ರಿಜ್ ಬಂದು ಮಟಕಾ ಹೊಡೆತ ತಿಂತು ಅನ್ನೋದು ನಿಜ, ಪ್ಲಾಸ್ಟಿಕ್ ಬಂದು ಕುಂಡ ಹೊಡೆತ ತಿಂತು, ಆದ್ರೆ ಶಾಸ್ತ್ರಕ್ಕೆ ಬೇಕಾದ ಮಣ್ಣನ್ನ ಯಾರೂ ಮುಟ್ಟೋಕಾಗಿಲ್ಲ. ಸರ್ಕಾರದೋರು ಆಗಾಗ ಏನಾದ್ರೂ ಮಾಡ್ತಾರೆ, 2004ರಲ್ಲಿ ಲಾಲು ಪ್ರಸಾದ್ ರೈಲ್ವೆ ಮಂತ್ರಿ ಆಗಿದ್ದಾಗ ರೈಲಲ್ಲಿ ಕುಲ್ಹಡ್ (ಮಣ್ಣಿನ ಲೋಟ) ಚಹಾ ಅಂದ್ರು, 2018ರಲ್ಲಿ ಖಾದಿ ಆಯೋಗದವರು ಕುಂಬಾರರಿಗೆ ಕರೆಂಟ್ ತಿಗರಿ ಕೊಡೋ ಯೋಜನೆ ತಂದ್ರು. ತಿಗರಿ ಕೊಟ್ಟಿದ್ದು ಒಳ್ಳೇದೇ, ಕೈಲಿ ಕೋಲು ಹಾಕಿ ತಿರುಗಿಸೋ ಕಷ್ಟ ತಪ್ಪುತ್ತೆ.

ನಮ್ಮ ಕಡೆ ಕುಂಬಾರರಿಗೆ ದೊಡ್ಡ ಮರ್ಯಾದೆ ಕೊಟ್ಟಿರೋದು ಭಕ್ತಿ ಕಥೆಗಳಲ್ಲಿ. ಬೀದರ್ ಜಿಲ್ಲೆ ಭಾಲ್ಕಿಯ ಕುಂಬಾರ ಗುಂಡಯ್ಯ ಮಡಕೆ ತಟ್ಟೋ ತಾಳಕ್ಕೆ ಶಿವನೇ ಕುಣಿದ ಅಂತ ಹರಿಹರ ರಗಳೆ ಬರೆದಿದ್ದಾನೆ. ಅಲ್ಲಿಂದ ಪಶ್ಚಿಮಕ್ಕೆ, ಧಾರಾಶಿವ ಜಿಲ್ಲೆಯ ತೇರ್ ಅನ್ನೋ ಊರು, ಅದು ವಿಠ್ಠಲನ ಭಕ್ತರಾದ ವಾರಕರಿಗಳ ಸಂತ ಗೋರಾ ಕುಂಬಾರನದ್ದು. ಸಂತರೆಲ್ಲ ಸೇರಿದ್ದಾಗ ಗೋರೋಬಾ ಮಡಕೆ ಬಡಿಯೋ ಹಲಗೆ ತಗೊಂಡು ಒಬ್ಬೊಬ್ಬರ ತಲೆಗೂ ತಟ್ಟಿ ನೋಡಿದ್ನಂತೆ, ಉಳಿದವರೆಲ್ಲ ಸುಮ್ಮನಿದ್ರು, ನಾಮದೇವ ಮಾತ್ರ ಸಿಟ್ಟಾದ, ಇವನಿನ್ನೂ ಸರಿಯಾಗಿ ಬೆಂದಿಲ್ಲ ಅಂತ ತೀರ್ಪು ಕೊಟ್ಬಿಟ್ಟ. ಈ ತೇರ್ ಬರೀ ಸಂತನ ಊರಲ್ಲ, ಎರಡು ಸಾವಿರ ವರ್ಷ ಹಿಂದೆ ತಗರ ಅನ್ನೋ ಹೆಸರಲ್ಲಿ ದೊಡ್ಡ ವ್ಯಾಪಾರದ ಪಟ್ಟಣ, ಅಲ್ಲಿ ಅಗೆದಾಗ ಸಿಕ್ಕ ಸುಟ್ಟ ಮಣ್ಣಿನ ಗೊಂಬೆಗಳನ್ನ ಅಲ್ಲೇ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಅತ್ತೆಗೆ ಗೋರೋಬಾ ಕಥೆ ಬಾಯಿಪಾಠ. ಗಡಿಗೆ ಆರಿಸುವಾಗ ಬೆರಳ ಗೆಣ್ಣಿಂದ ಟಣ್ ಟಣ್ ಅಂತ ಬಡಿದು ಕಿವಿ ಕೊಟ್ಟು ಕೇಳ್ತಾ, ಒಂದು ಗಡಿಗೆಗೆ ಬಂದಾಗ "ಇಂವಾ ನಾಮದೇವ" ಅಂತ ಪಕ್ಕಕ್ಕಿಟ್ರು, ಕಾಕಾಗೆ ಆ ಹೆಸರು ಕೇಳಿದ ತಕ್ಷಣ ಅರ್ಥ ಆಗಿ ಜೋರಾಗಿ ನಕ್ಬಿಟ್ರು, ಆಮೇಲೆ ಬೆಲೆಲೂ ಸ್ವಲ್ಪ ಬಿಟ್ರು.

ಈಗ ಜಾಗದ ವಿಷಯ. ಧಾರಾವಿನ ಪೂರ್ತಿ ಕೆಡವಿ ಹೊಸದಾಗಿ ಕಟ್ತೀವಿ ಅಂತ ಸರ್ಕಾರ ಹೇಳಿದ್ದು 2004ರಲ್ಲಿ, ಆಮೇಲೆ ಟೆಂಡರ್ ಕರೆಯೋದು ರದ್ದು ಮಾಡೋದು ಹೀಗೇ ನಡೆದು 2022ರಲ್ಲಿ ಟೆಂಡರ್ ಕೊನೆಗೂ ಒಂದು ಕಂಪನಿಗೆ ಸಿಕ್ಕಿದೆ. ಲೆಕ್ಕ ಏನಪ್ಪಾ ಅಂದ್ರೆ 2000ನೇ ಇಸವಿ ಜನವರಿ 1ಕ್ಕಿಂತ ಮುಂಚಿನಿಂದ ಮೇಲಿನ ಮಾಳಿಗೇಲಿ ಅಲ್ಲ, ನೆಲಮಟ್ಟದ ಮನೇಲಿ (ಗ್ರೌಂಡ್ ಫ್ಲೋರ್) ಇರೋರಿಗೆ ಅಲ್ಲೇ 350 ಚದರಡಿ ಮನೆ. ಒಂದು ಖೋಲಿಲಿ ಎಂಟು ಜನ ಮಲಗೋ ಕುಟುಂಬಕ್ಕೆ ಸ್ವಂತ ಟಾಯ್ಲೆಟ್ ಇರೋ 350 ಚದರಡಿ ಅಂದ್ರೆ ಸಣ್ಣ ಮಾತಲ್ಲ, ಅದನ್ನ ಬೇಡ ಅನ್ನಿ ಅಂತ ಮಾಟುಂಗಾ ಫ್ಲಾಟಲ್ಲಿ ಕೂತು ನಾನು ಹೇಳೋಕಾಗಲ್ಲ, ಹೇಳೋದೂ ಇಲ್ಲ. ಆದ್ರೆ ಕುಂಬಾರನ ಲೆಕ್ಕ ಬೇರೆ. ಅವರ ಮನೆ ನೋಡಿ, ರೋಡಿಗೆ ಮುಖ ಇರೋ ಕಡೆ ಅಂಗಡಿ, ನಡುವೆ ತಿಗರಿ, ಮೇಲೆ ಅಟ್ಟದಲ್ಲಿ ಮಲಗೋದು, ಹಿಂದಿನ ಬಾಗಿಲು ತೆಗೆದ್ರೆ ಅಂಗಳ. ಹಸಿ ಮಡಕೆ ನೇರ ಬಿಸಿಲಿಗಿಟ್ರೆ ಸೀಳುತ್ತೆ, ಮೊದಲು ನೆರಳಲ್ಲಿ ಆರಬೇಕು, ಆಮೇಲೆ ಬಿಸಿಲು, ಆಮೇಲೆ ಭಟ್ಟಿ, ಅಂದ್ರೆ ಒಂದೇ ಮಡಕೆಗೆ ಮೂರು ಕಡೆ ಜಾಗ ಬೇಕು. ಆ ಅಂಗಳ ಯಾರೊಬ್ಬರ ಹೆಸರಲ್ಲೂ ಇಲ್ಲ, ಭಟ್ಟಿನೂ ನಾಲ್ಕಾರು ಮನೆ ಸೇರಿ ಪಾಳಿ ಮೇಲೆ ಬಳಸೋದು, ಹಾಗಾಗಿ ಸರ್ವೆಯೋರು ಮನೆ ಮನೆಗೆ ನಂಬರ್ ಬರೆದು ಹೋದ್ರೆ ಅಂಗಳಕ್ಕೆ ನಂಬರೇ ಬರಲ್ಲ. ಏಳನೇ ಮಾಳಿಗೆಗೆ ಮಣ್ಣಿನ ಲಾರಿ ಹತ್ತಲ್ಲ, ಲಿಫ್ಟಲ್ಲಿ ಹಸಿ ಮಡಕೆ ಇಳಿಸೋಕಾಗಲ್ಲ, ಟೆರೇಸಲ್ಲಿ ಭಟ್ಟಿ ಹಚ್ಚೋಕೆ ಸೊಸೈಟಿ ಬಿಡುತ್ತಾ?

ನಾನು ಕಾಕಾನ ಕೇಳಿದೆ, ಮಕ್ಕಳು ಈ ಕೆಲಸ ಮಾಡ್ತಾರಾ ಅಂತ. ಎಲ್ಲರೂ ಕೇಳೋ ಪ್ರಶ್ನೆ, ಅವರಿಗೂ ಉತ್ತರ ಕೊಟ್ಟು ಬೇಜಾರಾಗಿರಬೇಕು. ಒಬ್ಬ ಮಗ ಬಿಕೆಸಿಲಿ ಆಫೀಸ್ ಕೆಲಸ, ಸಾಯಂಕಾಲ ಬಂದು ಆನ್‌ಲೈನ್ ಆರ್ಡರ್ ನೋಡ್ಕೋತಾನೆ, ಇನ್ನೊಬ್ಬ ತಿಗರಿಲೇ ಇದ್ದಾನೆ ಅಂದ್ರು. ಕೈ ಕಲಿಯುತ್ತೆ ಬೇಟಾ, ಕೈದು ಚಿಂತೆ ಇಲ್ಲ, ಜಾಗ ಹೋದ್ರೆ ಕೈ ತಗೊಂಡು ಏನು ಮಾಡೋದು ಅಂದ್ರು. ಯಾರಿಗೂ ಈ ಹೊಗೆ ಬೇಡ, ಅವರಿಗೂ ಬೇಡ. ಮನೆ ಮೇಲಿರಲಿ, ನೆಲಮಟ್ಟದಲ್ಲಿ ತಿಗರಿಗೆ, ಒಣಗಿಸೋಕೆ ಸಾಮೂಹಿಕ ಜಾಗ, ಚಿಮಣಿ ಇರೋ ಹೊಗೆ ಕಮ್ಮಿ ಭಟ್ಟಿ ಎಲ್ಲರಿಗೂ ಸೇರಿ, ಇಷ್ಟು ಬರೆದು ಕೊಡಲಿ ಅನ್ನೋದು ನಾನು ಮಾತಾಡಿಸಿದವರ ಮಾತು. ನಂಗೂ ಅದೇ ಸರಿ ಅನ್ಸುತ್ತೆ. ಪಾರ್ಕು, ಮಾಲ್ ಎಲ್ಲಾ ನಕ್ಷೆಲಿ ಕೂರಿಸೋಕಾಗುತ್ತೆ ಅಂದ್ರೆ ಒಂದು ಅಂಗಳ ಕೂರಿಸೋದು ಅಷ್ಟು ಕಷ್ಟಾನಾ.

ಹೋಗೋರಿಗೆ ಒಂದೆರಡು ಮಾತು. ಸಾಯನ್ ಸ್ಟೇಷನ್ನಿಂದ ಆಟೋದವನಿಗೆ 90 ಫೀಟ್ ರೋಡ್, ಕುಂಬಾರವಾಡಾ ಅಂದ್ರೆ ಸಾಕು. ಬೆಳಗ್ಗೆ ಹೋಗಿ, ಸಾಯಂಕಾಲ ಭಟ್ಟಿ ಹಚ್ಚಿದ್ರೆ ಕಣ್ಣು ಉರಿಯುತ್ತೆ, ಉಸಿರಾಟದ ತೊಂದರೆ ಇರೋರು ಮಾಸ್ಕ್ ಹಾಕ್ಕೊಳ್ಳಿ. ಅಂಗಳಕ್ಕೆ ಕಾಲಿಡೋ ಮುಂಚೆ ಕೇಳಿ, ಅದು ಜನರ ಮನೆ, ಫೋಟೋಗೂ ಅಷ್ಟೇ. ಮಳೆಗಾಲದಲ್ಲಿ ಕೆಲಸ ನಿಧಾನ, ಏನೂ ಒಣಗಲ್ಲ. ಮಟಕಾ ತಗೊಳ್ಳುವಾಗ ಬೆರಳ ಗೆಣ್ಣಿಂದ ಬಡಿದು ನೋಡಿ, ಟಣ್ ಅಂದ್ರೆ ಬೆಂದಿದೆ, ಬದ್ ಬದ್ ಅಂದ್ರೆ ಎಲ್ಲೋ ಸೀಳಿದೆ ಇಲ್ಲಾ ಅರೆಬೆಂದಿದೆ. ಹೊಳಪಿನ ಬಣ್ಣ ಬಳಿದಿರೋದು ನೀರಿಗೆ ತಗೋಬೇಡಿ, ಬಣ್ಣ ತೂತು ಮುಚ್ಚಿದ್ರೆ ನೀರು ಜಿನುಗೋದೆಲ್ಲಿಂದ. ಮನೆಗೆ ತಂದು ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಿ, ಸೋಪು ಹಾಕಿ ತೊಳೀಬೇಡಿ, ತೆಂಗಿನ ನಾರಲ್ಲಿ ಉಜ್ಜಿದ್ರೆ ಸಾಕು, ಎರಡು ಬೇಸಿಗೆ ಆದಮೇಲೆ ತಂಪು ಕಮ್ಮಿ ಆಯ್ತು ಅಂದ್ರೆ ನೀರಿನ ಉಪ್ಪು ತೂತುಗಳನ್ನ ಕಟ್ಟಿರುತ್ತೆ, ಅದನ್ನ ಗಿಡಕ್ಕೆ ಕೊಟ್ಟು ಹೊಸದು ತನ್ನಿ. ಹಣತೆ ಜಾಸ್ತಿ ಬೇಕು, ಸಂಘದ ದೀಪೋತ್ಸವಕ್ಕೋ ಬಿಲ್ಡಿಂಗ್ ಸೊಸೈಟಿಗೋ, ಅಂದ್ರೆ ನವರಾತ್ರಿಗೆ ಮುಂಚೆನೇ ಹೋಗಿ ಆರ್ಡರ್ ಕೊಟ್ಬಿಡಿ, ದೀಪಾವಳಿ ವಾರದಲ್ಲಿ ಹೋದ್ರೆ ಅಲ್ಲಿ ನಿಮ್ಮ ಜೊತೆ ನಿಂತು ಮಾತಾಡೋಕೆ ಯಾರಿಗೂ ಪುರುಸೊತ್ತಿರಲ್ಲ.